ನೆಮ್ಮದಿಯ ಅಂಕ

ಸಮುದ್ರದ ನಡುವೆ ಎಣ್ಣೆ ಬಾವಿ ಕೊರೆಯುವ ರಿಗ್ಗಿನಲ್ಲಿ ಪಂಪಿನ ಒತ್ತಡವನ್ನು ಮೀಟರ್ ನೋಡಿ ಬರೆದಿಡುವುದು ನನ್ನ ಕೆಲಸ. ವಾರಕ್ಕೊಮ್ಮೆ ಅಲ್ಲಿ ಒಂದು ಫಾರ್ಮ್ ಕೊಡುತ್ತಾರೆ: ನಿಮ್ಮ ಮನಸ್ಸಿನ ನೆಮ್ಮದಿಗೆ ಹತ್ತರಲ್ಲಿ ಎಷ್ಟು ಅಂಕ? ಅದಕ್ಕೆ ಮೀಟರ್ ಎಲ್ಲಿದೆ? ರೇಗಿಹೋಗಿ ಪ್ರತಿ ಸಲವೂ ಏಳು ಬರೆಯುತ್ತಿದ್ದೆ.

ರಜೆಯಲ್ಲಿ ನಮ್ಮೂರು ಕಮ್ಮರಡಿಗೆ ಬಂದಾಗ, ದೋಸೆ ಹೊಯ್ಯುತ್ತಿದ್ದ ಹೆಂಡತಿಗೆ ಇದನ್ನು ಹೇಳಿದೆ.

“ಎಂತಕ್ಕೆ ಏಳು?” ಅಂದಳು.

“ಏಳು ಹಾಕಿದ್ರೆ ಯಾರೂ ಮುಂದೆ ಎಂತದೂ ಕೇಳಲ್ಲ. ನಿಂದೆಷ್ಟು, ಹೇಳು.”

ಅವಳು ದೋಸೆ ಮಗುಚಿದಳು. “ನೀವು ಹೋದ್ಮೇಲೆ ಫೋನಲ್ಲಿ ಹೇಳ್ತೀನಿ ಮಾರಾಯ್ರೆ. ಎದುರಿಗೆ ನೀವಿದ್ರೆ ಸರಿಯಾಗಿ ಗೊತ್ತಾಗಲ್ಲ.”

ನಾನಿದ್ದರೆ ಅವಳ ಅಂಕ ಏರುತ್ತದೋ ಇಳಿಯುತ್ತದೋ? ರಜೆ ಮುಗಿಯುವವರೆಗೂ ಅದೇ ಗೊಂದಲ. ಕೇಳಲಿಲ್ಲ.

ರಿಗ್ಗಿಗೆ ಮರಳಿದ ದಿನವೇ ಫೋನ್ ಬಂತು.

“ನಂದೂ ಏಳು,” ಅಂದಳು.