ಒದ್ದದ್ದು ಅವಳೇ

ಕಪೊಯೆರಾ ಕಲಿತರೆ ನಿಜವಾಗಿ ಒಬ್ಬನನ್ನು ಹೊಡೆದು ಕೆಡವಬಹುದೇ ಎಂದು ಕೇಳುತ್ತಾರೆ. ಕೆಡವಬಹುದು. ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಶಿಷ್ಯೆಯೇ ಕೆಡವಿದಳು. ಅದರಿಂದ ಏನು ಉಪಯೋಗವಾಯಿತು ಎಂದು ಕೇಳಿದರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತದೆ.

ನಾನು ಇಲ್ಲಿನ ಒಂದು ಕಾಲೇಜಿನಲ್ಲಿ ಆಟ ಕಲಿಸುವವಳು. ದಾವಣಗೆರೆಯಲ್ಲಿ ಓದುವಾಗ, ಗೋವಾದಿಂದ ಬಂದಿದ್ದ ಒಬ್ಬ ಮಾಸ್ತರರ ಹತ್ತಿರ ಈ ಬ್ರೆಜಿಲ್ ದೇಶದ ವಿದ್ಯೆ ಕಲಿತೆ. ಸುತ್ತ ನಿಂತವರು ಚಪ್ಪಾಳೆ ತಟ್ಟಿ ವಾದ್ಯ ನುಡಿಸುತ್ತಾರೆ, ನಡುವೆ ಇಬ್ಬರು ತೂಗಾಡುತ್ತ ಒಬ್ಬರ ಮೇಲೊಬ್ಬರು ಕಾಲು ಬೀಸುತ್ತಾರೆ. ಗುಲಾಮರು ಧಣಿಗಳ ಕಣ್ಣೆದುರೇ ಹೊಡೆದಾಟ ಕಲಿಯಲು ಅದಕ್ಕೆ ಕುಣಿತದ ವೇಷ ಹಾಕಿದರಂತೆ. ಮಾಸ್ತರರು ಹೇಳಿದ ಆ ಕಥೆಗೇ ನಾನು ಮರುಳಾದದ್ದು.

ನಮ್ಮಲ್ಲಿ ಆ ವಾದ್ಯ ಎಲ್ಲಿಂದ ತರುವುದು? ಕಾಲೇಜಿನ ಹಿಂದೆ ಖಾಲಿ ಎಣ್ಣೆ ಡಬ್ಬ ಬಡಿಯುತ್ತ ಹುಡುಗಿಯರಿಗೆ ಕಲಿಸತೊಡಗಿದೆ. ಹಿಂದೆ ಕುಸ್ತಿ ಆಡಿದ್ದ ನಮ್ಮ ಕಬಡ್ಡಿ ಮಾಸ್ತರರು ಬೇವಿನ ಮರದ ಕೆಳಗೆ ನಿಂತು ನಗುತ್ತಿದ್ದರು.

"ಕುಣಿಯಾಕ ಚಲೋ ಐತ್ರಿ ಮೇಡಂ. ಬಡಿಯಾಕ ಬಂದವ ನೀವು ತೂಗಾಡೋ ತನಕ ಕಾಯ್ತಾನೇನ್ರಿ?"

ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬರುತ್ತಿತ್ತು. ಇದು ಇಬ್ಬರೂ ಒಪ್ಪಿ ಆಡುವ ಆಟ. ತುಂಬಿದ ಬಸ್ಸಿನಲ್ಲಿ ಕಾಲೆತ್ತಲು ಜಾಗ ಎಲ್ಲಿರುತ್ತದೆ? ಮೈಮೇಲೆ ಬಿದ್ದವನಿಗೆ ತಾಳ ಲಯದ ಹಂಗಿಲ್ಲ. ಇದೆಲ್ಲ ಗೊತ್ತಿತ್ತು. ಆದರೆ ನನಗೆ ಬರುತ್ತಿದ್ದದ್ದು ಇದೊಂದೇ ವಿದ್ಯೆ.

ತೆಲಿಗಿ ಬಸ್ಸಿಗೆ ಬರುತ್ತಿದ್ದ, ಕುರಿ ಸಾಕುವ ಮನೆಯ ಹುಡುಗಿಯೊಬ್ಬಳು ಒಂದು ದಿನ ಎಲ್ಲರೂ ಹೋದ ಮೇಲೂ ನಿಂತಳು.

"ಮಿಸ್, ಇದ್ರಾಗ ದೊಡ್ಡ ಗಂಡಸನ್ನ ಕೆಡವಾಕ ಆಗ್ತೈತೇನ್ರಿ?"

ಕೆಡವಬೇಕಾದವನು ಅವಳ ಊರಿನವನೇ. ಪೇಟೆಯಲ್ಲಿ ಗೊಬ್ಬರದ ಅಂಗಡಿ ಇತ್ತು. ಅಪ್ಪನ ಗೆಳೆಯ, ಅವಳು ಕಾಕಾ ಎಂದು ಕರೆಯಬೇಕಾದವನು. ಬೆಳಿಗ್ಗೆ ಬಸ್ಸಿಳಿದ ಕೂಡಲೇ ಜೊತೆಗೆ ಬಂದು, ಬ್ಯಾಗು ಹಿಡಿದು ನಿಲ್ಲಿಸಿ, ಬಾಯಿಗೆ ತರಬಾರದ ಮಾತು ಆಡುತ್ತಿದ್ದ. ಮನೆಯಲ್ಲಿ ಹೇಳು ಎಂದೆ. ಪೊಲೀಸರ ಹತ್ತಿರ ನಾನೇ ಬರುತ್ತೇನೆ ಎಂದೆ.

"ಬ್ಯಾಡ್ರಿ ಮಿಸ್. ಮನ್ಯಾಗ ಗೊತ್ತಾದ್ರ ನಾಳಿಂದ ಕಾಲೇಜು ಬಂದ್. ಮದುವಿ ಮಾಡಿ ಕೈ ತೊಳ್ಕಂತಾರ."

ಅವಳಿಗೆ ನರ್ಸಿಂಗ್ ಓದಬೇಕಿತ್ತು. ಅವನು ದೂರ ಸರಿಯಬೇಕು, ಮನೆಗೆ ಸುದ್ದಿ ಹೋಗಬಾರದು, ಓದು ನಿಲ್ಲಬಾರದು. ಇಷ್ಟನ್ನೇ ಅವಳು ಬೇಡಿದ್ದು. ನಾನು ಅವಳಿಗೆ ಕಾಲನ್ನು ಅರ್ಧಚಂದ್ರದಂತೆ ಬೀಸಿ ಹಿಮ್ಮಡಿಯಿಂದ ಹೊಡೆಯುವುದನ್ನು ಕಲಿಸಿದೆ. ನನಗಿಂತ ಚೆನ್ನಾಗಿ ಕಲಿತಳು.

ಆ ದಿನ ಮಂಗಳವಾರ. ನಾನು ಹೂವು ಕೊಳ್ಳುತ್ತ ನಿಂತಿದ್ದೆ. ಅವಳು ಬಸ್ಸಿಳಿದು ಬಂದಳು, ಅವನು ಹಿಂದಿನಿಂದ ಬಂದು ಬ್ಯಾಗು ಹಿಡಿದ. ಅವಳು ಬ್ಯಾಗನ್ನು ಅವನ ಕೈಯಲ್ಲೇ ಬಿಟ್ಟು ಹಿಂದೆ ಸರಿದಳು. ಆಮೇಲೆ ತೂಗಾಡಿದಳು. ತೂಗಾಡದೆ ನಮ್ಮ ಏಟು ಹೊರಡುವುದೇ ಇಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮುಖಕ್ಕೆ ಕೈ ಅಡ್ಡ, ತುಟಿಯಲ್ಲಿ ತಾಳ, ಎಲ್ಲ ನಾನು ಕಲಿಸಿದಂತೆಯೇ. ಜಡೆ ಬಿಚ್ಚಿಹೋಯಿತು. ಗಿರ್ರನೆ ತಿರುಗಿದಳು, ಹಿಮ್ಮಡಿ ಅವನ ದವಡೆಗೆ ಬಿತ್ತು. ಆ ದೊಡ್ಡ ಮನುಷ್ಯ ಮಣ್ಣಿನಲ್ಲಿ ಕೂತುಬಿಟ್ಟ. ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

ಹೂವಿನಾಕೆ ಬುಟ್ಟಿ ಬಿಟ್ಟು ಎದ್ದು ನಿಂತಳು. "ಅಮ್ಮ ಬಂದಾಳ! ಉಚ್ಚೆಂಗೆಮ್ಮ ಮೈದುಂಬ್ಯಾಳ!"

ನೋಡುನೋಡುತ್ತಲೇ ಜನ ಸೇರಿತು. ಯಾರೋ ನಿಂಬೆಹಣ್ಣು ತಂದರು, ಯಾರೋ ಅವಳ ಹಣೆತುಂಬ ಅರಿಸಿನದ ಭಂಡಾರ ಬಳಿದರು. ಹುಡುಗಿ "ಇಂವ ದಿನಾ ನನ್ನ..." ಎಂದು ಚೀರಿದಳು. ಹೆಂಗಸರು ಅವಳ ತೋಳು ಹಿಡಿದುಕೊಂಡು, "ಏನು ತಪ್ಪು ಮಾಡ್ಯಾನ ಹೇಳು ತಾಯಿ, ಹರಕಿ ಮುಟ್ಟಿಸಿಲ್ಲೇನು?" ಎಂದು ಕೇಳಿದರು. ಅವನು ದವಡೆ ಹಿಡಿದುಕೊಂಡು ಸುತ್ತ ನೋಡಿದ. ಚುರುಕು ಬುದ್ಧಿಯವನು, ತಟ್ಟನೆ ಅಡ್ಡಬಿದ್ದ.

"ತಪ್ಪಾತಬೇ ಯವ್ವಾ. ಹೋದ ಹುಣ್ಣಿವಿಗೆ ನಿನ್ನ ಗುಡ್ಡಕ್ಕ ಬರಾಕ ಆಗಲಿಲ್ಲ."

ಅಮ್ಮನೂ ಇಲ್ಲ ಎಂತದೂ ಇಲ್ಲ, ಒದ್ದದ್ದು ಅವಳೇ, ಇವನು ಏನು ಮಾಡಿದ ಕೇಳಿ ಎಂದು ನಾನು ಗಂಟಲು ಹರಿದುಕೊಂಡೆ. "ನೀವು ಸುಮ್ನಿರ್ರಿ ಮೇಡಂ" ಎಂದು ಒಬ್ಬಾಕೆ ನನ್ನನ್ನು ಹಿಂದಕ್ಕೆ ಸರಿಸಿದಳು.

ಕರಾಟೆ ಕಲಿಸಿದ್ದರೆ ಒದ್ದದ್ದು ಒದ್ದದ್ದಾಗಿಯೇ ಕಾಣುತ್ತಿತ್ತೇನೋ. ಗುಲಾಮರು ಹಾಕಿದ ವೇಷ ಧಣಿಗಳ ಕಣ್ಣಿಗೆ ಮಣ್ಣೆರಚಿತು. ಇಲ್ಲಿ ಅದು ಹುಡುಗಿಯ ಬಾಯನ್ನೇ ಮುಚ್ಚಿತು. ಕಬಡ್ಡಿ ಮಾಸ್ತರರು ಈ ಸಲ ನಗಲಿಲ್ಲ. "ಏಟು ಚಲೋ ಬಿದ್ದಿತ್ತಂತ ಬಿಡ್ರಿ" ಎಂದರು. ಆ ಸಮಾಧಾನ ಇಟ್ಟುಕೊಂಡು ನಾನೇನು ಮಾಡಲಿ?

ಅವಳು ಮತ್ತೆ ಕಾಲೇಜಿಗೆ ಬರಲಿಲ್ಲ. ಅಮ್ಮ ಮೈದುಂಬುವ ಹುಡುಗಿ ಬಸ್ಸಿನಲ್ಲಿ ಹತ್ತು ಮಂದಿಗೆ ತಾಗಿಸಿಕೊಂಡು ಓಡಾಡಬಾರದು ಎಂದು ಹಿರಿಯರು ಹೇಳಿದರಂತೆ. ಒಂದು ಶುಕ್ರವಾರ ಅವಳ ಊರಿಗೆ ಹೋದೆ. ಪಡಸಾಲೆಯಲ್ಲಿ ಕಂಬಳಿ ಹಾಸಿ ಅವಳನ್ನು ಕೂರಿಸಿದ್ದರು. ಕಷ್ಟ ಹೇಳಿಕೊಳ್ಳಲು ಬಂದವರು ಅಂಗಳದ ತನಕ ಕೂತಿದ್ದರು. ನಾನು ಅವಳ ತಾಯಿಯನ್ನು ಹಿತ್ತಲಿಗೆ ಕರೆದು ಎಲ್ಲ ಹೇಳಿದೆ. ಬೆಚ್ಚಿಬೀಳುತ್ತಾಳೆ ಎಂದುಕೊಂಡಿದ್ದೆ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನಗ ಗೊತ್ತೈತ್ರಿ ಮಿಸ್. ಅಮ್ಮ ಬಂದಿಲ್ಲಂದ್ರ, ಹರೇದ ಹುಡುಗಿ ಗಂಡಸಿಗೆ ಒದ್ದಂಗಾತು. ಯಾಕ ಒದ್ದಳು ಅಂತ ಊರೆಲ್ಲ ಕೇಳ್ತೈತಿ. ಆಗ ಕೆಟ್ಟಾಕಿ ಆಗೋದು ಅವನಲ್ರಿ, ನನ್ನ ಮಗಳು."

ಒಳಗೆ ಬಂದರೆ ಸಾಲಿನಲ್ಲಿ ಅವನೂ ಇದ್ದ, ಕೈಯಲ್ಲಿ ತೆಂಗಿನಕಾಯಿ. ಪ್ರತಿ ಶುಕ್ರವಾರವೂ ತಪ್ಪದೆ ಬರುತ್ತಾನೆ, ದೊಡ್ಡ ಭಕ್ತನಾಗಿದ್ದಾನೆ ಎಂದು ಪಕ್ಕದವರು ಮೆಚ್ಚಿ ಹೇಳಿದರು. ಅವನ ಸರದಿ ಬಂತು. ಅವಳ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಹಣೆ ಹಚ್ಚಿದ. ಉಳಿದವರು ಹಣೆ ಹಚ್ಚಿ ಏಳುತ್ತಿದ್ದರು. ಇವನು ಏಳಲಿಲ್ಲ, ಪಾದ ಬಿಡಲೂ ಇಲ್ಲ. ಬಾಗಿದ ಅವನ ಬೆನ್ನಿನ ಮೇಲಿಂದ ಅವಳು ನನ್ನನ್ನೇ ನೋಡಿದಳು. ನಾನು ತಲೆ ತಗ್ಗಿಸಿದೆ.

ತಾಯಿ ಮುಂದೆ ಬಂದು, ಅವನ ಹಣೆಗೆಂದು ಮಗಳ ಕೈಗೆ ಭಂಡಾರ ಹಾಕಿದಳು. "ಹಚ್ಚು ತಾಯಿ" ಎಂದಳು.

ಅವಳು ಹಚ್ಚಿದಳು.