ಗೊರಕೆ ಮಾಡಿದ ವ್ಯಾಪಾರ

ಮನೆಗೆ ಮಗು ಬಂದ ಮೇಲೆ ನನ್ನ ನಿದ್ದೆ ಹಾರಿಹೋಗಿತ್ತು. ಕೋಣಂದೂರಿನ ಹಾಸಿಗೆ ಅಂಗಡಿಯಲ್ಲಿ ನನ್ನ ಕೆಲಸ. ಗಿರಾಕಿಗಳು ನಕ್ಕರೆ ನನ್ನನ್ನೇ ನೋಡಿ ನಕ್ಕರು ಅನ್ನಿಸುತ್ತಿತ್ತು. ಯಜಮಾನರು ಸುಮ್ಮನೆ ಕರೆದರೂ ಕೆಲಸ ಹೋಯ್ತು ಅಂತ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಸಂತೆಯ ದಿನ ಮೇಗರವಳ್ಳಿಯ ಹೆಂಗಸೊಬ್ಬರು ಹಾಸಿಗೆಯೊಂದನ್ನು ಒತ್ತಿ ಒತ್ತಿ ನೋಡಿ, "ಇದ್ರ ಮೇಲೆ ನಿದ್ದೆ ಬರ್ತದಾ?" ಅಂದರು.

"ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಿಡಿ!" ಅಂತ ಕೂಗಿಯೇಬಿಟ್ಟೆ. ಕೂಗಿದ ಕೂಡಲೇ ಕಣ್ಣಲ್ಲಿ ನೀರೂ ಬಂತು.

ಅವರು ಸಿಟ್ಟಾಗಲಿಲ್ಲ. "ಎಂತ ಮಾರಾಯಾ, ಮನೇಲಿ ಸಣ್ಣ ಮಗು ಇದ್ಯಾ? ಹಂಗಾದ್ರೆ ನೀನೇ ಮಲಗಿ ತೋರ್ಸು" ಅಂದರು.

ಕೂಗಿದ ತಪ್ಪಿಗೆ, ಒಂದೇ ನಿಮಿಷ ಅಂತ ಮಲಗಿದೆ.

ಕಣ್ಣು ಬಿಟ್ಟಾಗ ಬಿಸಿಲು ಅಂಗಡಿಯ ಆಚೆ ಬದಿಗೆ ಸರಿದಿತ್ತು. ಆ ಹೆಂಗಸು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, "ಗೊರಕೆ ಕೇಳಿದ್ರಲ್ಲ, ಇನ್ನೆಂತ ಬೇಕು?" ಅಂತ ಬಂದವರಿಗೆ ಹೇಳುತ್ತಿದ್ದರು. ಹೊರಗೆ ಆಟೋದ ಮೇಲೆ ಎರಡು ಹಾಸಿಗೆ ಏರಿದ್ದವು. ಯಜಮಾನರು ತುಟಿಗೆ ಬೆರಳಿಟ್ಟು, ಸದ್ದು ಮಾಡಬೇಡಿ ಅಂತ ಗಿರಾಕಿಗಳಿಗೆ ಸನ್ನೆ ಮಾಡುತ್ತಿದ್ದರು. ಎಷ್ಟೋ ದಿನದ ಮೇಲೆ ನನಗೆ ಜೋರಾಗಿ ನಗು ಬಂತು.

ಈಗ ಯಜಮಾನರು ದಿನಾ ಬೆಳಿಗ್ಗೆ, "ರಾತ್ರಿ ನಿದ್ದೆ ಆಯ್ತಾ?" ಅಂತ ವಿಚಾರಿಸುತ್ತಾರೆ. ಆಯ್ತು ಅಂದರೆ ಅವರ ಮುಖ ಸಪ್ಪಗಾಗುತ್ತದೆ.