ಯುದ್ಧದ ಸಿನಿಮಾಕ್ಕ ನಾ ಹೂಂ ಅಂದಿದ್ದು

ಯಾವ ಸಿನಿಮಾ ಹುಡುಗರಿಗೆ ತೋರಿಸಬಹುದು, ಯಾವುದು ಬ್ಯಾಡ ಅಂತ ಹೇಳೋ ಕೆಲಸ ನಮ್ಮ ಶಾಲ್ಯಾಗ ನಂದು. ಯಾರೂ ಕೊಟ್ಟಿದ್ದಲ್ಲ, ನಾನ ಕಸಗೊಂಡಿದ್ದು. ಸಮಾಜ ವಿಜ್ಞಾನದ ಟೀಚರ್ ಆಗಿ ಮಾನ್ವಿಗೆ ಬಂದ ವರ್ಷ ಹೆಡ್‌ಮಾಸ್ತರು ಹುಡುಗರನ್ನ ಒಂದು ದೇವರ ಸಿನಿಮಾಕ್ಕ ಕರಕೊಂಡು ಹೋಗಿದ್ರು. ಅರ್ಧ ಮಂದಿ ನಿದ್ದಿ ಹೊಡದ್ರು, ಉಳದ ಅರ್ಧ ಮಂದಿ ಕುರ್ಚಿ ಕುಶನ್ ಕಿತ್ತಿದ್ರು. "ಸರ, ಇನ್ನ ಮ್ಯಾಲ ಮೊದಲು ನಾ ನೋಡಿ ಬರ್ತೀನಿ, ಆಮ್ಯಾಲ ಹುಡುಗರು" ಅಂದೆ. ಅವರಿಗೂ ಪೀಡಾ ತಪ್ಪಿತು, ಹೂಂ ಅಂದ್ರು.

ನಾ ನೋಡೋ ರೀತಿನ ಬ್ಯಾರೆ. ರವಿವಾರ ರಾಯಚೂರಿಗೆ ಹೋಗಿ ಬೆಳಗಿನ ಶೋಕ್ಕ ಟಿಕೆಟ್ ತಗೋತೀನಿ, ಮುಂದಿನ ಸಾಲಿನ್ಯಾಗ ಪರದಿಗೆ ಬೆನ್ನು ಕೊಟ್ಟು ಅಡ್ಡ ತಿರುಗಿ ಕುಂದರ್ತೀನಿ. ಪರದಿ ನೋಡೋದು ಕಮ್ಮಿ, ಹಿಂದ ಅಪ್ಪ ಅವ್ವನ ಕೂಡ ಬಂದಿರೋ ಮಕ್ಕಳ ಮಾರಿ ನೋಡೋದು ಹೆಚ್ಚು. ಯಾವ ಮಾರಿ ಬಾಡ್ತದ, ಯಾವುದು ಅವ್ವನ ಸೆರಗಿನ್ಯಾಗ ಹೋಗಿ ಬೀಳ್ತದ, ಅದ ನನಗ ಬೇಕಾಗಿದ್ದು. ಗೇಟಿನ ಮುದುಕ ಒಂದಿನ ಕೇಳೇಬಿಟ್ಟ, "ಯವ್ವಾ, ರೊಕ್ಕ ಕೊಟ್ಟು ಬಂದು ಸಿನಿಮಾಕ್ಕ ಬೆನ್ನು ಮಾಡಿ ಕುಂದರ್ತೀರಲ್ರಿ, ಕಣ್ಣಿಗೇನರ ತ್ರಾಸ ಅದೇನ್ರಿ?" ಕಣ್ಣು ಬರೋಬ್ಬರಿ ಅದಾವ ಅಂತ ಹೇಳಿ ಒಳಗ ಹೋದೆ.

ಪೋಸ್ಟರಿನ ಮೂಲ್ಯಾಗ ಇಷ್ಟು ವಯಸ್ಸಿನ ಮ್ಯಾಲಿನವರಿಗೆ ಅಂತ ಬರದಿರ್ತಾರಲ್ಲ, ಅದರ ಮ್ಯಾಲ ನನಗ ನಂಬಿಕಿ ಇಲ್ಲ. ಎಲ್ಲೋ ಕುಂತು ಅಂಕಿ ಬರಿಯವರಿಗೆ ನಮ್ಮ ಮಾನ್ವಿ ಕಡೆ ಹುಡುಗರ ಎದಿ ಎಷ್ಟು ಗಟ್ಟಿ ಅಂತ ಏನ್ ಗೊತ್ತು? ಊರಾಗ ದ್ಯಾವರ ಹಬ್ಬ ಮಾಡಿದಾಗ ಕುರಿ ಕೊಯ್ಯೋದನ್ನ ಮುಂದಿನ ಸಾಲಿನ್ಯಾಗ ನಿಂತು ನೋಡಿದ ಹುಡುಗರು ಇವು. ಮುಚ್ಚಿಡೋದು ನನಗ ಮೊದಲಿಂದನೂ ಆಗಿಬರಂಗಿಲ್ಲ.

ಅದಕ್ಕ ಕಾರಣ ನಮ್ಮಪ್ಪ. ದೇವದುರ್ಗದಾಗ ನಾ ಸಣ್ಣಾಕಿದ್ದಾಗ ಟೆಂಟ್ ಸಿನಿಮಾ ಬರ್ತಿತ್ತು. ಅಪ್ಪ ಪ್ರೀತಿಲೆ ಕರಕೊಂಡು ಹೋಗಾಂವ, ಆದ್ರ ಪರದಿ ಮ್ಯಾಲ ಖಡ್ಗ ಹೊರಗ ಬಂತಂದ್ರ ಸಾಕು, ಹೆಗಲಿನ ಟವೆಲ್ ತಗದು ನನ್ನ ಮಾರಿ ಮ್ಯಾಲ ಒಗದಬಿಡಾಂವ. ಒಳಗ ಬೆವರಿನ ವಾಸನಿ, ಹೊರಗ ಕಿವಿ ಹರದಹೋಗುವಂಗ ಚೀರಾಟ. ಆ ಟವೆಲಿನ ಕೆಳಗ ಕುಂತು ನಾ ಮನಸಿನ್ಯಾಗ ಮಾಡ್ಕೊಂಡ ಕೊಲಿ ಯಾವ ಡೈರೆಕ್ಟರನೂ ಮಾಡಿರಲಿಕ್ಕಿಲ್ಲ. ವಾರಗಟ್ಲೆ ಒಬ್ಬಾಕಿನ ಬಚ್ಚಲಕ್ಕ ಹೋಗಾಕ ಅಂಜತಿದ್ದೆ. ಟೀಚರ್ ಆದ ಮ್ಯಾಲ ಯಾವ ಹುಡುಗನ ಕಣ್ಣೂ ಮುಚ್ಚಬಾರದು ಅಂತ ತೀರ್ಮಾನ ಮಾಡಿದ್ದೆ.

ಹೋದ ವರ್ಷ ಚಳಿಗಾಲದಾಗ ಬಂತು ನೋಡ್ರಿ ಆ ಯುದ್ಧದ ಸಿನಿಮಾ. ಹಳೇ ಕಾಲದ ರಾಜ, ಕ್ವಾಟಿ, ಆನಿ, ಕುದುರಿ. ಬಿಡುಗಡಿ ಆಗೋಕ್ಕಿಂತ ಮೊದಲ ಅದರ ತುಣುಕು ಎಲ್ಲಾರ ಮೊಬೈಲ್‌ನಾಗ ಓಡ್ಯಾಡಾಕತ್ತಿತ್ತು. ಎಂಟನೇ ಕ್ಲಾಸಿನವು ನನ್ನ ತಲಿ ತಿಂದ್ವು. "ಟೀಚರ್, ಹಿಸ್ಟರಿ ಅದಲ್ರಿ, ಪಾಠನ ಆಗ್ತದಲ್ರಿ?" ಪಾಠದ ಮ್ಯಾಲ ಎಂದೂ ಇಲ್ಲದ ಪ್ರೀತಿ ಅವತ್ತ ಉಕ್ಕಿ ಬಂದಿತ್ತು. ಹೆಡ್‌ಮಾಸ್ತರು ನನ್ನ ಕಡೆ ಬಟ್ಟು ಮಾಡಿದ್ರು.

ರವಿವಾರ ರಾಯಚೂರಿಗೆ ಹೋದೆ, ನನ್ನ ಪದ್ಧತಿ ಪ್ರಕಾರ ತಿರುಗಿ ಕುಂತೆ. ತಲಿ ಉರುಳಿದ ಸಪ್ಪಳ ಬಂತು, ಮಕ್ಕಳು ಪಾಪ್‌ಕಾರ್ನ್ ತಿನ್ನಾಕತ್ತಿದ್ವು. ಆನಿ ಬಿದ್ದಾಗ ಒಂದೆರಡು ಅತ್ತುವು, ಅವ್ವನ್ನ ಅಪ್ಪಿಕೊಂಡು ಮತ್ತ ನೋಡಿದ್ವು. ಪರದಿ ಮ್ಯಾಲ ಏನೋ ಹತ್ತಿ ಉರಿಯಾಕತ್ತಿತ್ತು, ಎಲ್ಲಾ ಮಾರಿ ಕೆಂಪಗಾಗಿದ್ವು, ಹಿಂದಿನವರು ಸಿಳ್ಳಿ ಹೊಡದ್ರು, ಮಕ್ಕಳು ಚಪ್ಪಾಳಿ ಹೊಡದ್ವು. ಯಾವ ಮಾರೀನೂ ಬಾಡಿದ್ದಿಲ್ಲ. ಸೋಮವಾರ ಬಂದು ಹೆಡ್‌ಮಾಸ್ತರಿಗೆ ಹೇಳ್ದೆ, "ಒಯ್ಯೋಣ್ರಿ ಸರ, ಅಡ್ಡಿಯಿಲ್ಲ. ಜವಾಬ್ದಾರಿ ನಂದು."

ಮನ್ಯಾಗ ಸಹಿ ಹಾಕಿಸ್ಕೊಂಡು ಬರ್ರಿ ಅಂತ ಚೀಟಿ ಕೊಟ್ವಿ. ಎಲ್ಲಾವು ಬಂದ್ವು, ಒಂದು ಬರಲಿಲ್ಲ. ಮಲ್ಲಟದ ಕಡೆಯಿಂದ ಬರೋ ಒಬ್ಬಾಕಿ ಹುಡಿಗೀದು. ಶಾಣ್ಯಾಕಿ, ಆದ್ರ ಆ ವರ್ಷ ಬ್ಯಾಸಗಿ ಸೂಟಿ ಮುಗಿಸಿ ಬಂದಾಗಿಂದ ಮಂಕಾಗಿದ್ಲು. ಮೊದಲು ತನ್ನ ದೊಡ್ಡಪ್ಪನ ಮಗಳ ಕೂಡ ಒಂದ ಬೆಂಚಿನ್ಯಾಗ ಕುಂದರಾಕಿ. ಈಗ ಆಕಿ ಒಂದು ತುದಿ, ಈಕಿ ಒಂದು ತುದಿ. ಯಾಕಬೇ ಅಂದ್ರ ಬಾಯಿ ಬಿಡಾಕಿಯಲ್ಲ. ಚೀಟಿ ಎಲ್ಲೆದ ಅಂದ್ರ, "ನಮ್ಮಪ್ಪ ಬ್ಯಾಡ ಅಂದಾನ್ರಿ" ಅಂದ್ಲು. ಆಕಿ ಥೇಟರನ್ನ ನೋಡಿದಾಕಿಯಲ್ಲ. ಇಡೀ ಕ್ಲಾಸು ಹೋದಾಗ ಒಬ್ಬಾಕೀನ ಖಾಲಿ ಶಾಲ್ಯಾಗ ಬಿಡೋದು ನನಗ ಸೇರಲಿಲ್ಲ. ಹೆಂಗರ ಮಾಡಿ ಈಕೀನ್ನ ಒಯ್ಯಬೇಕು ಅಂತ ಹಟ ಹಿಡದೆ.

ಮರುದಿನ ಸಂಜಿಮುಂದ ಆಕಿ ಕೂಡನ ಬಸ್ ಹತ್ತಿ ಆಕಿ ಊರಿಗೆ ಹೋದೆ. ಅವರಪ್ಪ ಎಮ್ಮಿಗೆ ಹುಲ್ಲು ಹಾಕಾಕತ್ತಿದ್ದ. ಸಭ್ಯಸ್ಥ ಮನಿಷ್ಯಾ, ಮಾತು ಕಮ್ಮಿ. ಎದುರಿನ ಮನಿ ಅಂವನ ಅಣ್ಣಂದು, ಅಂದ್ರ ಹುಡಿಗಿ ದೊಡ್ಡಪ್ಪಂದು. ಕಾಲವಿ ನೀರಿನ ಸಲುವಾಗಿ ಜಗಳಾಗಿ ಎರಡೂ ಮನಿ ಮಾತು ಬಿಟ್ಟಾವ ಅಂತ ಅವರವ್ವ ಚಾ ಕೊಡ್ತಾ ನನ್ನ ಕಿವ್ಯಾಗ ಹೇಳಿದ್ಲು. ಅದು ಸಾಲದ್ದಕ್ಕ ಬ್ಯಾಸಿಗ್ಯಾಗ ಅಣ್ಣನ ಬಣವಿ ಸುಟ್ಟು ಬೂದಿ ಆತಂತ, ಕರೆಂಟಿನ ತಂತಿ ಕಿಡಿ ಬಿದ್ದು. ಬಣವಿ ಅಂದ್ರ ದನಗಳ ವರ್ಷದ ಮೇವು. "ಮೇವಿಲ್ಲಂತ ಒಂದು ಜೋಡಿ ಎತ್ತು ಮಾರಿದ್ರು ಟೀಚರ್, ಪಾಪ" ಅಂದ್ಲು.

ನಾ ಅವರಪ್ಪಗ ಕೇಳ್ದೆ, "ಯಾಕ್ರಿ ಯಪ್ಪಾ ಬ್ಯಾಡ ಅಂತೀರಿ? ರಕ್ತಕ್ಕ ಅಂಜತಾಳ ಅಂತನ?"

"ರಕ್ತ ಅಲ್ರಿ ಟೀಚರ್. ಮೊಬೈಲ್‌ನಾಗ ನೋಡೀನಿ. ಬೆಂಕಿ ಹಚ್ಚತಾರಲ್ರಿ ಅದರಾಗ. ಊರಿಗೆ, ಹುಲ್ಲಿಗೆ. ಅದು ಮಕ್ಕಳು ನೋಡೋವಂಥಾದ್ದಲ್ಲ."

ನನಗ ನಗುನ ಬಂತು. "ಏನ್ರಿ ನೀವು, ನೂರು ತಲಿ ಕಡದಿದ್ದು ನಡೀತದ, ಹುಲ್ಲು ಸುಟ್ಟಿದ್ದು ನಡಿಯಂಗಿಲ್ಲೇನು? ಅದೇನು ಖರೆ ಹುಲ್ಲೇನ್ರಿ? ಕಂಪ್ಯೂಟರಿನ್ಯಾಗ ಮಾಡಿರ್ತಾರ." ಅಂವ ನಗಲಿಲ್ಲ. ನಾ ಬಿಡಲಿಲ್ಲ. ಕಣ್ಣು ಮುಚ್ಚಿದ್ರ ಮಕ್ಕಳು ಹೆಂಗ ಅಂಜಬುರುಕ ಆಗ್ತಾವ ಅಂತ ಭಾಷಣ ಬಿಗದೆ, ಇದ್ದಬದ್ದ ಶಾಣ್ಯಾತನ ಎಲ್ಲಾ ಸುರುವಿದೆ. ಕಡೀಕ ಬ್ಯಾಸತ್ತು ಪೆನ್ನು ಇಸಗೊಂಡು ಸಹಿ ಮಾಡಿದ. ಹುಡಿಗಿ ಕಂಬಕ್ಕ ಆತು ನಿಂತು ಅವರಪ್ಪನ ಕೈನ ನೋಡಾಕತ್ತಿದ್ಲು. ಗೆದ್ದೆ ಅಂತ ಖುಷೀಲೆ ನಾ ಕಡೀ ಬಸ್ ಹಿಡದೆ.

ಶನಿವಾರ ಬೆಳಿಗ್ಗೆ ಬಸ್ ಮಾಡ್ಕೊಂಡು ಎಲ್ಲಾರೂ ರಾಯಚೂರಿಗೆ ಹೋದ್ವಿ. ದಾರ್‍ಯಾಗ ಹಾಡು, ಕಿರಚಾಟ, ಒಬ್ಬಾಕಿ ಎರಡು ಸರ್ತಿ ವಾಂತಿ. ಥೇಟರಿನ್ಯಾಗ ಮಲ್ಲಟದ ಕಡೆ ಹುಡಿಗೀನ್ನ ನನ್ನ ಬಾಜೂಕ ಕುಂದರ್ಸಿಕೊಂಡೆ. ಒಂದ ಸಿನಿಮಾಕ್ಕ ಎರಡನೇ ಸರ್ತಿ ಬಂದೀನಿ, ಮಾರಿ ನೋಡೋ ಕೆಲಸ ಮುಗದದ, ಈ ಸರ್ತಿ ಆರಾಮ ಸಿನಿಮಾ ನೋಡೋಣ ಅಂತ ಪರದಿ ಕಡೆ ತಿರುಗಿ ಕುಂತೆ.

ಸುಳ್ಳ ಯಾಕ ಹೇಳಲಿ, ಸಿನಿಮಾ ಛಲೋ ಇತ್ತು. ವೈರಿ ರಾಜ ಅಂಥಾ ಹರಾಮಿ, ನಮ್ಮ ರಾಜನ ತಮ್ಮನ್ನ ಮೋಸದಿಂದ ಕೊಂದಿರ್ತಾನ. ಅದನ್ನ ನೋಡಿ ನನ್ನ ಹೊಟ್ಟಿ ಉರದುಬಿಟ್ಟಿತ್ತು. ಆಮ್ಯಾಲ ನಮ್ಮ ರಾಜ ಪಂಜು ಹಿಡಕೊಂಡು ಕುದುರಿ ಮ್ಯಾಲ ಬರ್ತಾನ, ವೈರಿ ಸೀಮಿ ಹಳ್ಳಿಯೊಳಗ ನುಗ್ಗತಾನ, ಸಾಲು ಹಿಡದು ಬಣವಿಗೆ ಬೆಂಕಿ ಇಟ್ಕೋತ ಹೋಗ್ತಾನ. ಎಂಥಾ ಮ್ಯೂಸಿಕ್ಕು ಅಂತೀರಿ! ಥೇಟರ್ ತುಂಬ ಸಿಳ್ಳಿ. ನಾನೂ ಚಪ್ಪಾಳಿ ಹೊಡದೆ. ಹೊಡೀ ಇನ್ನೂ ಅನ್ನುವಂಗ ಹೊಡದೆ. ನಮ್ಮ ಹಳ್ಳಿ ಹುಡುಗರು ಗಪ್ಪಗ ಕುಂತಿದ್ವು ಅನ್ನೋದು ಆವಾಗ ನನ್ನ ಲಕ್ಷ್ಯಕ್ಕ ಬರಲಿಲ್ಲ. ರಾಯಚೂರಿನ ಮಕ್ಕಳಿಗೆ ಅದು ಬರೇ ಬೆಂಕಿ, ಇವಕ್ಕ ಅದು ಬಣವಿ. ನಾ ನೋಡಿ ಪಾಸು ಮಾಡಿದ್ದು ಬ್ಯಾರೆಯವರ ಮಕ್ಕಳ ಮಾರಿ.

ಸಿನಿಮಾ ಮುಗಿಸಿ, ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಮೂರು ಗಂಟೇಕ ವಾಪಸ್ ಹೊಂಟ್ವಿ. ಹುಡಿಗಿ ರೊಟ್ಟಿ ಮುಟ್ಟಿದ್ದಿಲ್ಲ. ಬಸ್ಸಿನ್ಯಾಗ ಬಂದು ನನ್ನ ಬಾಜೂಕ ಕುಂತ್ಲು.

"ಟೀಚರ್, ವೈರೀದು ಬಣವಿ ಸುಟ್ರ ತಪ್ಪಲ್ಲೇನ್ರಿ?"

"ಯುದ್ಧದಾಗ ಹಂಗ ನಡೀತದವ್ವ" ಅಂದೆ, ಪಾಠ ಹೇಳೋ ದನೀಲೆ. "ರಾಜರ ಕಾಲ ಅದು."

"ನಮ್ಮಪ್ಪಗೂ ದೊಡ್ಡಪ್ಪಗೂ ಯುದ್ಧನ ಅದರೀ."

ಕಿಟಕಿ ಕಡೆ ಮಾರಿ ಮಾಡಿಕೊಂಡು ಹೇಳಿದ್ಲು. ಹಿಂದ ಹುಡುಗರು ಹಾಡಾಕತ್ತಿದ್ವು. ನಾ ಏನೂ ಕೇಳಿದ್ದಿಲ್ಲ, ಆಕಿನ ಅಂದ್ಲು, "ತಂತಿ ಕಿಡಿ ಅಲ್ರಿ ಅದು. ನಾ ನೋಡೀನ್ರಿ. ಯಾರಿಗೂ ಹೇಳಿಲ್ರಿ. ನೀವು ಇವತ್ತು ಚಪ್ಪಾಳಿ ಹೊಡದ್ರಲ್ರಿ. ಹಂಗಾದ್ರ ನಮ್ಮಪ್ಪ ಮಾಡಿದ್ದು ಛಲೋ ಆತೇನ್ರಿ?"

  ಏಳೆಂಟು ತಿಂಗಳು ಆ ಸಣ್ಣ ಜೀವ ಇದನ್ನ ಹೊಟ್ಟ್ಯಾಗ ಇಟಗೊಂಡು ಬೆಂಚಿನ ತುದೀಗೆ ಕುಂತದ, ನಾ ಆಕೀಗೆ ಮಂಕು ಅಂತ ಹೆಸರಿಟ್ಟಿದ್ದೆ. ನನ್ನ ಮ್ಯಾಲ ನನಗ ಅಸಹ್ಯ ಆತು.

"ಇಲ್ಲವ್ವ, ಛಲೋ ಆಗಲಿಲ್ಲ" ಅಂದೆ. "ನಿಮ್ಮಪ್ಪ ಮಾಡಿದ್ದು ತಪ್ಪು. ಆ ರಾಜ ಮಾಡಿದ್ದೂ ತಪ್ಪು. ನಾ ಚಪ್ಪಾಳಿ ಹೊಡದೆ ನೋಡು, ಅದೂ ತಪ್ಪು. ತಪ್ಪಾತು."

ಟೀಚರ್ ತಪ್ಪಾತು ಅಂದಿದ್ದು ಆಕಿ ಎಂದೂ ಕೇಳಿರಲಿಕ್ಕಿಲ್ಲ. ಮಾರಿ ತಿರುವಿ ನನ್ನನ್ನ ನೋಡಿದ್ಲು. ಆಮ್ಯಾಲ ಅಂದ್ಲು, "ನಮ್ಮಪ್ಪನ ಮುಂದನೂ ಹಿಂಗ ಹೇಳ್ರಿ ಟೀಚರ್. ನನಗ ಹೇಳಾಕ ಆಗವಲ್ದು."

ಮಂದಿ ಮನಿ ವ್ಯವಹಾರದಾಗ ತಲಿ ಹಾಕಬ್ಯಾಡ ಅಂತ ನಮ್ಮ ಮನ್ಯಾಗಿನವರು ಇಂದಿಗೂ ಬೈತಾರ. ಸಿನಿಮಾನ ತೋರಿಸಬಾರದಿತ್ತು ಅಂತ ಹೆಡ್‌ಮಾಸ್ತರೂ ಅಂದ್ರು. ನಾ ಒಪ್ಪಂಗಿಲ್ಲ. ಸಿನಿಮಾ ತೋರಿಸಿದ್ದು ಬರೋಬ್ಬರಿನ ಆಗಿತ್ತು. ತೋರಿಸದಿದ್ರ ಆಕಿ ಬಾಯಿ ಇನ್ನ ಎಷ್ಟು ವರ್ಷ ಮುಚ್ಚಿರ್ತಿತ್ತೋ ಏನೋ. ನಾ ತಪ್ಪಿದ್ದು ಬ್ಯಾರೆ ಕಡೆ. ಹುಡುಗರಿಗೆ ರಕ್ತ ತಡೀತದೋ ಇಲ್ಲೋ ಅಂತ ಇಷ್ಟು ವರ್ಷ ನೋಡಿದೆ, ಬಾಜೂಕ ಕುಂತ ದೊಡ್ಡವರು ಯಾವುದಕ್ಕ ಚಪ್ಪಾಳಿ ಹೊಡೀತಾರ ಅಂತ ಹುಡುಗರು ನೋಡ್ತಿರ್ತಾವ ಅನ್ನೋದು ತಲೀಗೆ ಹೊಳದಿದ್ದಿಲ್ಲ. ಈಗ ನನ್ನ ಲಕ್ಷ್ಯ ಮೊದಲು ದೊಡ್ಡವರ ಕೈ ಮ್ಯಾಲ.

ಅವತ್ತು ಬಸ್ ಹಳ್ಳಿ ಹಳ್ಳಿ ಸುತ್ತಿ ಹುಡುಗರನ್ನ ಇಳಿಸ್ಕೋತ ಬಂತು. ಹೆಡ್‌ಮಾಸ್ತರಿಗೆ ನೀವು ಮುಂದ ನಡೀರಿ ಅಂತ ಹೇಳಿ ನಾನೂ ಆಕಿ ಕೂಡ ಇಳದೆ. ಇನ್ನೂ ಬಿಸಿಲಿತ್ತು. ಅವರಪ್ಪ ಕಟ್ಟಿ ಮ್ಯಾಲ ಕುಂತಿದ್ದ, ನಮ್ಮನ್ನ ನೋಡಿ ಎದ್ದು ನಿಂತ.

"ನಿಮ್ಮ ಮಾತು ಕೇಳಬೇಕಾಗಿತ್ತು ನಾನು" ಅಂದೆ. "ಸಿನಿಮಾದಾಗ ಬಣವಿ ಸುಟ್ಟಾಗ ನಾ ಚಪ್ಪಾಳಿ ಹೊಡದೆ. ನಿಮ್ಮ ಮಗಳು ಯಾಕ ಅಂತ ಕೇಳಿದ್ಲು. ತಪ್ಪಾತು ಅಂತ ಆಕಿ ಮುಂದ ಒಪ್ಪಿಕೊಂಡೀನಿ. ನಿಮ್ಮ ಮುಂದನೂ ಹೇಳು ಅಂದಾಳ, ಅದಕ್ಕ ಬಂದೀನಿ."

ಅಂವ ನನ್ನ ಕಡೆ ನೋಡಲೇ ಇಲ್ಲ. ಮಗಳ ಕಡೆ ನೋಡಿದ. 

"ನೀ ಅವತ್ತು ಅಲ್ಲೇ ಇದ್ದೇನವ್ವಾ?"

"ನಿನಗ ಮಜ್ಜಿಗಿ ತಂದಿದ್ದೆ ಯಪ್ಪಾ."

ಅಂವ ಹಂಗ ಕಟ್ಟಿ ಮ್ಯಾಲ ಕುಂತ. ಅವರವ್ವ ಬಾಗಲದಾಗ ಬಂದು ನಿಂತ್ಲು, ಏನಾತಂತ ತಿಳೀಲಿಲ್ಲ ಆಕೀಗೆ. ನನಗೂ ಕಣ್ಣು ತುಂಬಿ ಬಂದ್ವು, ಒರಸಿಕೊಳ್ಳಲಿಲ್ಲ.

"ಮತ್ತ ಇಷ್ಟು ದಿನ ನನ್ನ ಕೂಡ ಕುಂತು ಹೆಂಗ ಉಂಡಿಯವ್ವಾ?" ಅಂದ.

 ಅಂವ ಎದ್ದ, ಚಪ್ಪಲಿ ಸುದ್ದಾ ಮೆಟ್ಟಲಿಲ್ಲ, ಓಣಿ ದಾಟಿ ಅಣ್ಣನ ಬಾಗಲ ಬಡದ.